ಅಣುವನ್ನು ಕಂಡವರುಂಟೆ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಿದ್ಯಾರ್ಥಿನಿಲಯದ ಜಗಲಿಯಲ್ಲಿ ಸಣ್ಣದೊಂದು ಜಗಳ ಹುಟ್ಟಿತು. ನನ್ನ ಕೋಣೆಯ ಗೆಳೆಯ ರಸಾಯನಶಾಸ್ತ್ರದವನು. ನಾನು ತರ್ಕಶಾಸ್ತ್ರ, ಇತಿಹಾಸಗಳನ್ನು ಹಿಡಿದವನು. ಆತ ನೋಟುಪುಸ್ತಕದ ತುಂಬ ಜೇನುಗೂಡಿನ ಮನೆಗಳಂಥ ಆರು ಮೂಲೆಯ ಆಕೃತಿಗಳನ್ನು ಬರೆದುಕೊಂಡು ಉರು ಹಾಕುತ್ತಿದ್ದ.

"ಏನಯ್ಯಾ ಇದು, ರಂಗೋಲಿಯೋ?" ಎಂದೆ.

"ರಂಗೋಲಿಯಲ್ಲ ಮಾರಾಯ, ಬೆನ್ಜೀನಿನ ಅಣು."

"ಇದನ್ನು ಕಂಡವರುಂಟೆ?"

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಸ್ತಕದಲ್ಲಿದೆ" ಎಂದ. ಈ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಅವನಿಗೂ ಆಗಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಮರುದಿನದಿಂದ ಇಬ್ಬರೂ ಗ್ರಂಥಾಲಯ ಹೊಕ್ಕೆವು. ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನೂ ಸಾಕಷ್ಟು ಪೀಡಿಸಿದೆವು. ಅದರ ಫಲವೇ ಈ ಲೇಖನ. ವಿಜ್ಞಾನದ ಮಿತ್ರರು ಇದರಲ್ಲಿ ಹೊಸದನ್ನು ಕಾಣಲಾರರು. ನನ್ನಂತಹ ಕಲಾವಿಭಾಗದವರಿಗಾಗಿ ಬರೆದಿದ್ದೇನೆ.

ನಮ್ಮ ನ್ಯಾಯ, ವೈಶೇಷಿಕ ದರ್ಶನಗಳವರಿಗೆ ಈ ಪ್ರಶ್ನೆ ಹೊಸದಲ್ಲ. ಇಂದ್ರಿಯಕ್ಕೂ ವಸ್ತುವಿಗೂ ಸಂಪರ್ಕವಾದಾಗ ಹುಟ್ಟುವ ತಿಳಿವು ಪ್ರತ್ಯಕ್ಷ. ಕಿಟಕಿಯಿಂದ ಇಳಿದ ಬಿಸಿಲಕೋಲಿನಲ್ಲಿ ಕುಣಿಯುವ ದೂಳಿನ ಕಣ ಪ್ರತ್ಯಕ್ಷ. ಅದಕ್ಕಿಂತ ಕೆಳಗಿನ ಪರಮಾಣುವಿಗೆ ಅನುಮಾನವೇ ಪ್ರಮಾಣ. ಆಧುನಿಕ ರಸಾಯನವಿಜ್ಞಾನವೂ ಬಹುಕಾಲ ಇದೇ ಸ್ಥಿತಿಯಲ್ಲಿತ್ತು ಎಂದರೆ ತಪ್ಪಾಗದು. ಜರ್ಮನಿಯ ಕೆಕುಲೆ 1865ರಲ್ಲಿ ಬೆನ್ಜೀನಿನ ಆರು ಇಂಗಾಲದ ಪರಮಾಣುಗಳು ಬಳೆಯಾಕಾರದಲ್ಲಿ ಕೂಡಿಕೊಂಡಿವೆ ಎಂದದ್ದು ಅನುಮಾನದಿಂದ. ಮುಂದೆ ಕ್ಷಕಿರಣಗಳು ಆ ಅನುಮಾನವನ್ನು ಬಲಪಡಿಸಿದವು. ಆದರೆ ಆ ಕಿರಣಗಳು ಹೇಳುವುದು ಹರಳಿನೊಳಗೆ ಸಾಲುಗಟ್ಟಿ ನಿಂತ ಕೋಟ್ಯನುಕೋಟಿ ಅಣುಗಳ ಒಟ್ಟು ಮಾತನ್ನು. ಒಂದೇ ಒಂದು ಅಣುವನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿದವರು ಇರಲಿಲ್ಲ.

ಕಾಣದಿರಲು ಕಾರಣ ಸರಳ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ನಮ್ಮ ಕಣ್ಣು ಹಿಡಿಯುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಬೆನ್ಜೀನಿನ ಬಳೆಗಳು ಐದು ಸಾಲಾಗಿ ಅಂಟಿಕೊಂಡಿರುವ ಪೆಂಟಸೀನ್ ಎಂಬ ಅಣುವಿನ ಉದ್ದ ಒಂದೂವರೆ ನ್ಯಾನೊಮೀಟರಿಗೂ ಕಡಮೆ. ಬೆಳಕಿನಿಂದ ಇದನ್ನು ನೋಡಹೊರಡುವುದೆಂದರೆ ಒನಕೆಯ ತುದಿಯಿಂದ ಸಾಸಿವೆಕಾಳಿನ ಮೈ ತಡವಿದಂತೆ.

ದಾರಿ ತೋರಿದವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಬಳಿಯ ಐ.ಬಿ.ಎಂ. ಪ್ರಯೋಗಶಾಲೆಯ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್. ಅವರು ನೋಡುವ ಆಸೆಯನ್ನೇ ಬಿಟ್ಟು ತಡವತೊಡಗಿದರು. 1981ರಲ್ಲಿ ಅವರು ಕಟ್ಟಿದ ಯಂತ್ರದಲ್ಲಿ ಮಸೂರವಿಲ್ಲ, ಬೆಳಕಿಲ್ಲ. ಇರುವುದು ಒಂದು ಲೋಹದ ಸೂಜಿ. ಅದನ್ನು ಇನ್ನೊಂದು ಲೋಹದ ಮೇಲ್ಮೈಗೆ, ಮುಟ್ಟಿಯೂ ಮುಟ್ಟದಂತೆ, ಒಂದು ನ್ಯಾನೊಮೀಟರಿಗಿಂತ ಹತ್ತಿರ ತರುತ್ತಾರೆ. ನಡುವೆ ತೆರಪಿದ್ದರೂ ಎಲೆಕ್ಟ್ರಾನುಗಳು ಅತ್ತಿಂದಿತ್ತ ದಾಟುತ್ತವೆ. ಗೋಡೆ ಹತ್ತದೆ, ಗೋಡೆ ಒಡೆಯದೆ ಆಚೆಗೆ ಹೋಗುವ ಈ ವಿದ್ಯೆ ಕ್ವಾಂಟಂ ಲೋಕದ್ದು. ಸುರಂಗ ಕೊರೆದಂತೆ ಎಂದು ಹೋಲಿಕೆ ಕೊಡುತ್ತಾರೆ. ನಮಗೆ ಬೇಕಾದ ಸಂಗತಿ ಇಷ್ಟು: ತೆರಪು ನ್ಯಾನೊಮೀಟರಿನ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಪ್ರವಾಹ ಸುಮಾರು ಹತ್ತುಪಟ್ಟು ಕುಗ್ಗುತ್ತದೆ. ಪ್ರವಾಹ ಒಂದೇ ಸಮನಾಗಿರುವಂತೆ ಸೂಜಿಯನ್ನು ಏರಿಸುತ್ತ ಇಳಿಸುತ್ತ ಮೇಲ್ಮೈಯ ಉದ್ದಗಲಕ್ಕೂ ನಡೆಸಿದರೆ, ಸೂಜಿ ಏರಿಳಿದ ದಾರಿಯೇ ಆ ನೆಲದ ತಿಟ್ಟುತಗ್ಗುಗಳ ನಕ್ಷೆ.

ಅಷ್ಟು ನವಿರಾಗಿ ಸೂಜಿಯನ್ನು ನಡೆಸುವ ಕೈ ಯಾರದು? ಮನುಷ್ಯನದಂತೂ ಅಲ್ಲ. ವಿದ್ಯುತ್ತಿನ ಒತ್ತಡ ಕೊಟ್ಟರೆ ಕೂದಲೆಳೆಗಿಂತಲೂ ಎಷ್ಟೋ ಕಡಮೆ ಹಿಗ್ಗಿ ಕುಗ್ಗುವ ಪಿಂಗಾಣಿಯಂಥ ವಸ್ತುಗಳಿವೆ; ಸೂಜಿ ಕುಳಿತಿರುವುದು ಅವುಗಳ ಮೇಲೆ. ಇನ್ನು ಅದುರು. ಪಕ್ಕದ ಕೋಣೆಯಲ್ಲಿ ಯಾರಾದರೂ ನಡೆದರೂ ಸೂಜಿಗೆ ಅದು ಭೂಕಂಪ. ಬಿನ್ನಿಗ್, ರೋರರ್ ತಮ್ಮ ಮೊದಲ ಯಂತ್ರವನ್ನು ಅಯಸ್ಕಾಂತದ ಬಲದಿಂದ ತೇಲಿಸಿಟ್ಟಿದ್ದರಂತೆ. ಮುಂದೆ ಸಿಲಿಕಾನ್ ಹರಳಿನ ಮೇಲ್ಮೈಯನ್ನು ತಡವಿ, ಲೇಖನಿ ಎಳೆದ ಗೆರೆಗಳನ್ನು ಕತ್ತರಿಸಿ ಒಂದರ ಪಕ್ಕದಲ್ಲೊಂದು ಜೋಡಿಸಿ ಉಬ್ಬುಚಿತ್ರ ಮಾಡಿದಾಗ ಪರಮಾಣುಗಳ ಸಾಲುಗಳು ಎದ್ದು ನಿಂತವು. 1986ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ರುಸ್ಕಾ ಅವರೊಡನೆ ಅದನ್ನು ಹಂಚಿಕೊಂಡರು.

ಅಣುವಿನ ಪರೀಕ್ಷೆಗೆ ಮೇಲ್ಮೈ ಏಕೆ ಬೇಕು ಎಂದು ಗೆಳೆಯನನ್ನು ಕೇಳಿದೆ. ಗಾಳಿಯಲ್ಲಿನ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಅದನ್ನು ತಡವುವುದು ಹೇಗೆ? ಆದ್ದರಿಂದ ಗಾಳಿಯನ್ನೆಲ್ಲ ಹೀರಿ ತೆಗೆದ ಪಾತ್ರೆಯಲ್ಲಿ, ಚೊಕ್ಕಟವಾದ ತಾಮ್ರದಂಥ ಹರಳಿನ ಮೇಲೆ ಅಣುಗಳನ್ನು ವಿರಳವಾಗಿ ಉದುರಿಸುತ್ತಾರೆ. ಸಾಮಾನ್ಯ ಉಷ್ಣತೆಯಲ್ಲಿ ಅಲ್ಲಿಯೂ ಅವು ಜಾರಾಡುತ್ತಿರುತ್ತವೆ. ದ್ರವ ಹೀಲಿಯಮ್ಮಿನಿಂದ ಸೊನ್ನೆಯ ಕೆಳಗೆ 268 ಡಿಗ್ರಿಯವರೆಗೆ ತಣಿಸಿದಾಗ ಕದಲದೆ ಕುಳಿತುಕೊಳ್ಳುತ್ತವೆ. ಆಗ ಒಂಟಿ ಅಣುವಿನೊಡನೆ ಮಾತುಕತೆ ಸಾಧ್ಯ. 1989ರಲ್ಲಿ ಕ್ಯಾಲಿಫೋರ್ನಿಯದ ಡಾನ್ ಐಗ್ಲರ್ ಇಂಥ ಚಳಿಯಲ್ಲಿಯೇ 35 ಕ್ಸೆನಾನ್ ಪರಮಾಣುಗಳನ್ನು ಸೂಜಿಯಿಂದ ಸರಿಸಿ ತನ್ನ ಕಂಪೆನಿಯ ಹೆಸರನ್ನು ಬರೆದುದು ಜಗತ್ಪ್ರಸಿದ್ಧ. (ಇನ್ನೇನಾದರೂ ಬರೆಯಬಹುದಾಗಿತ್ತು ಎಂಬುದು ನನ್ನ ಸ್ವಂತ ಅಭಿಪ್ರಾಯ.) ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದುದು 1998ರಲ್ಲಿ ಅಮೆರಿಕದ ವಿಲ್ಸನ್ ಹೋ ಮತ್ತು ಸಂಗಡಿಗರು ಮಾಡಿದ ಕೆಲಸ. ತಾಮ್ರದ ಮೇಲೆ ಕುಳಿತ ಒಂದೇ ಅಸಿಟಿಲೀನ್ ಅಣುವಿನ ಮೇಲೆ ಸೂಜಿಯನ್ನು ನಿಲ್ಲಿಸಿ, ಹಾಯುವ ಎಲೆಕ್ಟ್ರಾನುಗಳಿಂದ ಅದರ ಕಂಪನವನ್ನು ಅವರು ಗುರುತಿಸಿದರು. ಕತ್ತಲೆಯಲ್ಲಿ ಕೆಮ್ಮಿದವನು ಯಾರೆಂದು ದನಿಯಿಂದ ಹೇಳುತ್ತೇವಲ್ಲ, ಹಾಗೆ.

ಆದರೂ ಗೆಳೆಯನ ಆರು ಮೂಲೆಗಳು ಇನ್ನೂ ಕಂಡಿರಲಿಲ್ಲ. ಪ್ರವಾಹವನ್ನು ಅಳೆಯುವ ಸೂಜಿಗೆ ಸಿಗುವುದು ಅಣುವನ್ನು ಹೊದ್ದ ಎಲೆಕ್ಟ್ರಾನುಗಳ ಕಂಬಳಿ. ಕಂಬಳಿ ಹೊದ್ದು ಮಲಗಿದವನ ಪಕ್ಕೆಲುಬು ಎಣಿಸಲಾದೀತೆ? ಎಲುಬು ಸಿಗಬೇಕಾದರೆ ಒತ್ತಿ ನೋಡಬೇಕು. ಬಿನ್ನಿಗ್, ಕ್ವೇಟ್, ಗೆರ್ಬರ್ ಎಂಬವರು 1986ರಲ್ಲಿ ರಚಿಸಿದ ಎರಡನೆಯ ಯಂತ್ರ ಅಳೆಯುವುದು ಪ್ರವಾಹವನ್ನಲ್ಲ, ಸೂಜಿಗೂ ಪರಮಾಣುವಿಗೂ ನಡುವಿನ ಬಲವನ್ನು. ಇದಕ್ಕೆ ಜರ್ಮನಿಯ ಫ್ರಾಂಜ್ ಗೀಸಿಬ್ಲ್ ಒಂದು ಸೊಗಸಾದ ಉಪಾಯ ಹೂಡಿದರು. ಕೈಗಡಿಯಾರದೊಳಗೆ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಕವಲೊಂದಿರುತ್ತದೆ. ಅಂಥ ಕವಲಿನ ಒಂದು ಕೈಯನ್ನು ಬಿಗಿದು ನಿಲ್ಲಿಸಿ, ಇನ್ನೊಂದರ ತುದಿಗೆ ಸೂಜಿ ಅಂಟಿಸಿದರು. ಅಣುವಿನ ಸೆಳೆತವೋ ತಳ್ಳುವಿಕೆಯೋ ಸೋಂಕಿದೊಡನೆ ಕಂಪನದ ವೇಗ ತುಸು ಬದಲಾಗುತ್ತದೆ. ಆ ಬದಲಾವಣೆಯೇ ಚಿತ್ರ.

ಸೂಜಿಯ ಲೋಹದ ತುದಿ ಮಾತ್ರ ಇನ್ನೂ ಮೊಂಡು. 2009ರಲ್ಲಿ ಅದೇ ಜ್ಯೂರಿಕ್ ಪ್ರಯೋಗಶಾಲೆಯ ಲಿಯೊ ಗ್ರಾಸ್ ಮತ್ತು ಸಂಗಡಿಗರು ಆ ತುದಿಗೆ ಕಾರ್ಬನ್ ಮಾನಾಕ್ಸೈಡಿನ ಒಂದು ಅಣುವನ್ನು ಅಂಟಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಹೊತ್ತಿಸಿಟ್ಟರೆ ಪ್ರಾಣ ತೆಗೆಯುವ ವಿಷಾನಿಲವೇ ಇದು. ಇಂಗಾಲ ಲೋಹವನ್ನು ಹಿಡಿದುಕೊಂಡಿತು, ಆಮ್ಲಜನಕ ಕೆಳಗೆ ಇಳಿಬಿದ್ದಿತು. ಸೂಜಿಯ ಮೊನೆ ಒಂದೇ ಪರಮಾಣುವಾಯಿತು. ಅದರಿಂದ ಪೆಂಟಸೀನನ್ನು ತಡವಿದಾಗ ಐದು ಬಳೆಗಳು, ಒಂದೊಂದಕ್ಕೂ ಆರಾರು ಮೂಲೆ, ಅಂಚಿನಲ್ಲಿ ಜಲಜನಕದ ಗುರುತು! ಗೆಳೆಯನ ನೋಟುಪುಸ್ತಕದ ಪುಟವನ್ನು ಬೂದುಬಣ್ಣದಲ್ಲಿ ಅಚ್ಚುಹಾಕಿದಂತಿದೆ ಆ ಚಿತ್ರ. ಅದನ್ನು ನೋಡಿದ ದಿನ ನಾನು ಅವನಿಗೆ ಒಂದು ಕಾಫಿ ಸಾಲಬಿದ್ದೆ.

ಇದು ಬರಿಯ ಬೆರಗಿನ ವಿಷಯವಲ್ಲ, ಉಪಯೋಗವೂ ಉಂಟು. ಶಾಂತಸಾಗರದ ಮೇರಿಯಾನ ಕಂದಕದಲ್ಲಿ ಸುಮಾರು 11 ಕಿಲೋಮೀಟರ್ ಆಳದ ಕೆಸರಿನಿಂದ ತಂದ ಒಂದು ಬ್ಯಾಕ್ಟೀರಿಯ ತಯಾರಿಸುವ ವಸ್ತುವಿನ ರಚನೆ ನಾಲ್ಕರಲ್ಲಿ ಯಾವುದೆಂದು ಬೇರೆ ವಿಧಾನಗಳಿಂದ ತೀರ್ಮಾನವಾಗದಿದ್ದಾಗ, 2010ರಲ್ಲಿ ಅದರ ಒಂಟಿ ಅಣುವನ್ನು ಹೀಗೆ ತಡವಿ, ಗಣಿತದೊಡನೆ ತಾಳೆನೋಡಿ ಗುರುತಿಸಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಗೆಳೆಯ ಪೂರ್ತಿ ಗೆದ್ದಂತಾಗುತ್ತಿತ್ತು. ನಮ್ಮ ಅಜ್ಜಿಯ ಕಥೆ ನೆನಪಾಗಿ ನಾನು ಮತ್ತೆ ಕೆದಕಿದೆ. ಕಣ್ಣು ಮಂಜಾದ ಮೇಲೆ ಆಕೆ ಬೆರಳಿನಿಂದಲೇ ಅಕ್ಕಿ ಆರಿಸುತ್ತಿದ್ದಳು. ಒಂದು ಕಲ್ಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಈಳಿಗೆಮಣೆಗೆ ಬೆರಳು ಕೊಯ್ದು ಬಟ್ಟೆ ಸುತ್ತಿಕೊಂಡಳು. ಆ ದಿನ ಮೊರದ ತುಂಬ ಕಲ್ಲೇ ಕಲ್ಲು ಎಂದು ಗೊಣಗಿದಳು. ನಾವು ನೋಡಿದರೆ ಅಕ್ಕಿ ಹಸನಾಗಿತ್ತು. ತೊಡರುತ್ತಿದ್ದುದು ಬಟ್ಟೆಯ ಗಂಟು!

ಸೂಜಿಗೂ ಹೀಗೆಯೇ ಆಯಿತು. 2013ರಲ್ಲಿ ಬೀಜಿಂಗಿನ ವಿಜ್ಞಾನಿಗಳು ತಾಮ್ರದ ಮೇಲೆ ಅಕ್ಕಪಕ್ಕ ಕುಳಿತ ಅಣುಗಳನ್ನು ತಡವಿ, ಅವುಗಳ ನಡುವೆ ತೆಳುವಾದ ಗೆರೆಗಳನ್ನು ಕಂಡರು. ಒಂದಣುವನ್ನು ಇನ್ನೊಂದಕ್ಕೆ ಕಟ್ಟುವ ಜಲಜನಕ ಬಂಧವೇ ಕಣ್ಣಿಗೆ ಬಿತ್ತೆಂದು ಪ್ರಕಟಿಸಿದರು. ಮರುವರ್ಷ ಫಿನ್ಲೆಂಡಿನ ತಂಡವೊಂದು ಬೇರೆ ಅಣುಗಳನ್ನು ತೆಗೆದುಕೊಂಡಿತು. ಅವು ನಾಲ್ಕು ಸೇರಿ ಕುಳಿತಾಗ ಎರಡು ಸಾರಜನಕ ಪರಮಾಣುಗಳು ಎದುರುಬದುರಾಗುತ್ತವೆ. ಅವುಗಳ ನಡುವೆ ಬಂಧವಿಲ್ಲ. ಚಿತ್ರದಲ್ಲಿ ಅಲ್ಲಿಯೂ ಗೆರೆ ಮೂಡಿತು. ಅದೇ ವರ್ಷ ಪ್ರಾಗ್ ನಗರದ ವಿಜ್ಞಾನಿಗಳು ಲೆಕ್ಕಹಾಕಿ ಕಾರಣ ತೋರಿಸಿದರು. ತುದಿಯಲ್ಲಿ ತೂಗುವ ಆ ಕಾರ್ಬನ್ ಮಾನಾಕ್ಸೈಡ್ ಸೆಟೆದು ನಿಂತಿರುವುದಿಲ್ಲ. ಎರಡು ಪರಮಾಣುಗಳ ನಡುವಿನ ಇಕ್ಕಟ್ಟಿಗೆ ಬಂದಾಗ ಈ ಕಡೆಯಿಂದಲೂ ಆ ಕಡೆಯಿಂದಲೂ ತಳ್ಳಿಸಿಕೊಂಡು ವಾಲುತ್ತದೆ. ಆ ವಾಲಿಕೆಯೇ ಚೂಪಾದ ಗೆರೆಯಾಗಿ ಮೂಡುತ್ತದೆ. ಬಂಧವಿದ್ದಲ್ಲಿಯೂ ಗೆರೆ, ಇಲ್ಲದಲ್ಲಿಯೂ ಗೆರೆ. ನಮ್ಮ ತರ್ಕಶಾಸ್ತ್ರದ ಅಧ್ಯಾಪಕರಿಗೆ ಹೇಳಿದಾಗ ಅವರು ನಕ್ಕು, "ವ್ಯಭಿಚಾರೀ ಹೇತು" ಎಂದರು. ಸಾಧ್ಯವಿಲ್ಲದ ಕಡೆಯಲ್ಲೂ ಕಾಣಿಸಿಕೊಳ್ಳುವ ಹೇತುವನ್ನು ನಂಬಲಾಗದು.

"ಹಾಗಾದರೆ ನನ್ನ ಆರು ಮೂಲೆಗಳೂ ತುದಿಯ ಚೇಷ್ಟೆಯೇ?" ಎಂದು ಗೆಳೆಯ ಗಾಬರಿಯಾದ. ಅಲ್ಲ. ಬಳೆಗಳಿಗೆ ಕ್ಷಕಿರಣದ ಸಾಕ್ಷ್ಯವುಂಟು, ರಸಾಯನದ ಸಾಕ್ಷ್ಯವುಂಟು, ಲೆಕ್ಕವೂ ಹೊಂದುತ್ತದೆ. ಆದರೆ ಚಿತ್ರದಲ್ಲಿ ಪೆಂಟಸೀನ್ ಇರುವುದಕ್ಕಿಂತ ಒಂದಿಷ್ಟು ಹಿಗ್ಗಿದಂತೆ ಕಾಣುವುದು ತುದಿಯ ವಾಲಿಕೆಯಿಂದಲೇ. ಈಗ ಅಳತೆ ಮಾಡುವವರು ಆ ವಾಲಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

"ಅಂತೂ ಕಂಡಿದ್ದಾರೆ ಅನ್ನು" ಎಂದ ಗೆಳೆಯ.

"ಮುಟ್ಟಿದ್ದಾರೆ ಅನ್ನು" ಎಂದೆ. ಚರ್ಮವೂ ಇಂದ್ರಿಯವೇ ಅಲ್ಲವೆ ಎಂದು ಆತ ನನ್ನ ಶಾಸ್ತ್ರವನ್ನೇ ನನ್ನ ಮೇಲೆ ತಿರುಗಿಸಿದ. ಅಷ್ಟರಲ್ಲಿ ನಿಲಯಪಾಲಕರು ದೀಪ ಆರಿಸಲು ಬಂದರು. ಕಾಫಿಯ ಸಾಲ ಇನ್ನೂ ತೀರಿಲ್ಲ.