ಡಿಎನ್‌ಎ ವಂಶಾವಳಿ ಖಾತೆ: ಮನೆತನದ ಮಾಹಿತಿಗೆ ಕೀಲಿ ಹಾಕುವ ಕ್ರಮ

ದಾಂಡೇಲಿ ಕಾಗದ ಕಾರ್ಖಾನೆಯ ಜೊತೆಗೆ ಬೆಳೆದ ಊರು. 1950ರ ದಶಕದಿಂದ ಇಲ್ಲಿಗೆ ನೌಕರಿಗೆ, ವ್ಯಾಪಾರಕ್ಕೆ ನಾಲ್ಕೂ ದಿಕ್ಕಿನಿಂದ ಜನ ಬಂದರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಮನೆಗಳಲ್ಲಿ ಬೆಳಗಾವಿ, ಧಾರವಾಡ, ಕೊಲ್ಹಾಪುರ ಕಡೆಯವರೂ ಇದ್ದಾರೆ, ರಾಜಸ್ಥಾನ, ಗುಜರಾತ ಮೂಲದವರೂ ಇದ್ದಾರೆ. "ನಮ್ಮ ಹಿರಿಯರು ಎಲ್ಲಿಂದ ಬಂದರು?" ಎಂಬ ಪ್ರಶ್ನೆ ಇಂಥ ಮನೆಗಳಲ್ಲಿ ಮದುವೆ, ಪೂಜೆ, ಹಬ್ಬಗಳಿಗೆ ಎಲ್ಲರೂ ಸೇರಿದಾಗ ಬಂದೇ ಬರುತ್ತದೆ.

ಮೊದಲು ಇದಕ್ಕೆ ಉತ್ತರ ಹೇಳಲು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಬರುತ್ತಿದ್ದರು. ವಂಶಾವಳಿ ಓದಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುತ್ತಿದ್ದರು. ಗುಜರಾತ, ರಾಜಸ್ಥಾನ ಮೂಲದವರಲ್ಲಿ ಈ ಕೆಲಸಕ್ಕೆ ವಹಿವಂಚಾ ಬಾರೋಟರಿದ್ದರು. ಆ ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು. ಈಗ ಅಮೆರಿಕ, ಇಂಗ್ಲೆಂಡ್‌ನಲ್ಲಿರುವ ಮಕ್ಕಳು ರಜೆಗೆ ಬರುವಾಗ ಡಿಎನ್‌ಎ ಕಿಟ್ ತರುತ್ತಾರೆ. ಸಣ್ಣ ಕೊಳವೆಯಲ್ಲಿ ಜೊಲ್ಲು ತುಂಬಿ ಕೊಟ್ಟರೆ ಕೆಲವು ವಾರಗಳಲ್ಲಿ ಫಲಿತಾಂಶ ಮೊಬೈಲಿಗೆ ಬರುತ್ತದೆ. ಆದರೆ ಆ ಖಾತೆಯಲ್ಲಿ ಯಾರು ಏನು ನೋಡಬಹುದು ಎಂಬುದನ್ನು ಹೆಚ್ಚಿನವರು ತೆರೆದು ನೋಡುವುದೇ ಇಲ್ಲ.

ಸಂಶೋಧನೆ ಬೇರೆ, ಖಾತೆ ಬೇರೆ

ಡಿಎನ್‌ಎ ಅಧ್ಯಯನ ಈ ಭಾಗಕ್ಕೆ ಹೊಸದಲ್ಲ. ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡ ಕಡೆ ನೆಲೆಸಿರುವ ಸಿದ್ದಿ ಸಮುದಾಯದ ಮೇಲೆ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸಿದ್ದಿಗಳ ಹಿರಿಯರು ಆಫ್ರಿಕಾದ ಬಂಟು ಭಾಷಿಕ ಜನರಿಂದ ಬಂದವರೆಂದು, ನಂತರ ಇಲ್ಲಿಯವರೊಂದಿಗೆ ಬೆರೆತರೆಂದು ಅದು ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯು ದೇಶದ 10,000 ಜನರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು.

ಇಂಥ ಅಧ್ಯಯನಗಳು ಗುಂಪಿನ ಲೆಕ್ಕ ಹೇಳುತ್ತವೆ, ವ್ಯಕ್ತಿಯ ಹೆಸರು ಹೊರಗೆ ಬರುವುದಿಲ್ಲ. ವಂಶಾವಳಿ ಕಂಪನಿಯ ಖಾತೆಯಲ್ಲಿ ಹೆಸರು, ಫೋಟೋ, ಹುಟ್ಟಿದ ವರ್ಷ, ಊರು, ವಂಶವೃಕ್ಷ ಎಲ್ಲವೂ ಡಿಎನ್‌ಎ ಜೊತೆಗೇ ಇರುತ್ತವೆ. ಬಂಧುಗಳನ್ನು ಹುಡುಕಿಕೊಡುವುದೇ ಅದರ ಕೆಲಸ. ಹಾಗಾಗಿ ತೋರಿಸುವುದು ಎಷ್ಟು, ಮುಚ್ಚುವುದು ಎಷ್ಟು ಎಂಬುದನ್ನು ಖಾತೆದಾರರೇ ನಿರ್ಧರಿಸಬೇಕು.

ಒಬ್ಬರ ಪರೀಕ್ಷೆ, ಹಲವರ ಮಾಹಿತಿ

ತಂದೆ ಮತ್ತು ಮಗನ ಡಿಎನ್‌ಎ ಅರ್ಧದಷ್ಟು ಒಂದೇ. ಅಜ್ಜ ಮತ್ತು ಮೊಮ್ಮಗನ ನಡುವೆ ಸುಮಾರು ಕಾಲು ಭಾಗ. ಚಿಕ್ಕಪ್ಪ, ಸೋದರಮಾವನ ಮಕ್ಕಳೊಂದಿಗೆ ಸುಮಾರು 12.5 ಪ್ರತಿಶತ. ಒಬ್ಬರು ಪರೀಕ್ಷೆ ಮಾಡಿಸಿದರೆ ಮಾಡಿಸದ ಬಂಧುಗಳ ಗುರುತೂ ಸ್ವಲ್ಪ ಸ್ವಲ್ಪ ಹೊರಬೀಳುತ್ತದೆ.

ಇದು ಎಷ್ಟು ದೂರ ಹೋಗಬಲ್ಲದು ಎಂಬುದು 2018ರ ಏಪ್ರಿಲ್‌ನಲ್ಲಿ ಜಗತ್ತಿಗೆ ತಿಳಿಯಿತು. ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳಲ್ಲಿ ಕೊಲೆಗಳನ್ನು ಮಾಡಿದ್ದ ಜೋಸೆಫ್ ಡಿಏಂಜೆಲೊ ತಾನು ಯಾವ ವಂಶಾವಳಿ ಕಂಪನಿಗೂ ಡಿಎನ್‌ಎ ಕೊಟ್ಟವನಲ್ಲ. ಜಿಇಡಿಮ್ಯಾಚ್ ಎಂಬ ತಾಣದಲ್ಲಿದ್ದ ದೂರದ ಬಂಧುಗಳ ಮಾಹಿತಿಯಿಂದ ಪೊಲೀಸರು ಅವನವರೆಗೆ ತಲುಪಿದರು. ಅಪರಾಧಿ ಸಿಕ್ಕಿದ್ದು ಒಳ್ಳೆಯದೇ. ಆದರೆ ಅದೇ ದಾರಿಯಲ್ಲಿ ಯಾವ ತಪ್ಪೂ ಮಾಡದವರ ಗುರುತನ್ನೂ ಹಿಡಿಯಬಹುದು. ದತ್ತು ಹೋದವರ ವಿಷಯ, ಹಿರಿಯರು ಯಾವುದೋ ಕಾರಣಕ್ಕೆ ಹೇಳದೆ ಬಿಟ್ಟ ಸಂಬಂಧ ಮೊಬೈಲಿನ ಪರದೆಯ ಮೇಲೆ ಒಂದು ಸಾಲಿನಲ್ಲಿ ಬಂದುಬಿಡಬಹುದು. ಒಮ್ಮೆ ನೋಡಿದ್ದನ್ನು ನೋಡಿಲ್ಲವೆಂದು ಮಾಡಲಾಗುವುದಿಲ್ಲ. ಆದ್ದರಿಂದ ಕಿಟ್ ತೆರೆಯುವ ಮುನ್ನವೇ ಅಪ್ಪ, ಅವ್ವ, ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆ ತಿಳಿಸುವುದು ಮೊದಲ ಕೆಲಸ.

23 ಅಂಡ್ ಮೀ ಕಂಪನಿಯಲ್ಲಿ ಆದದ್ದು

2023ರ ಅಕ್ಟೋಬರ್‌ನಲ್ಲಿ ಅಮೆರಿಕದ 23 ಅಂಡ್ ಮೀ ಕಂಪನಿಯ ಖಾತೆಗಳಿಗೆ ಕಳ್ಳರು ನುಗ್ಗಿದ ಸುದ್ದಿ ಹೊರಬಂತು. ಬೇರೆ ತಾಣಗಳಿಂದ ಮೊದಲೇ ಸೋರಿದ್ದ ಪಾಸ್‌ವರ್ಡ್‌ಗಳನ್ನು ಅವರು ಇಲ್ಲಿ ಹಾಕಿ ನೋಡಿದ್ದರು. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ದವರ ಸುಮಾರು 14,000 ಖಾತೆಗಳು ತೆರೆದುಕೊಂಡವು. ಆದರೆ ಮಾಹಿತಿ ಕಳೆದುಕೊಂಡವರು ಸುಮಾರು 69 ಲಕ್ಷ ಜನ. ತೆರೆದ ಖಾತೆಗಳಿಂದ ‘ಡಿಎನ್‌ಎ ರಿಲೇಟಿವ್ಸ್’ ಎಂಬ ಬಂಧುಗಳ ಪಟ್ಟಿಗೆ ಹೋಗಿ, ಅಲ್ಲಿ ಕಾಣುತ್ತಿದ್ದ ಹೆಸರು, ಸಂಬಂಧ, ಹುಟ್ಟಿದ ವರ್ಷ, ಊರು ಎಲ್ಲವನ್ನೂ ಕಳ್ಳರು ಬಾಚಿಕೊಂಡಿದ್ದರು. ತಮ್ಮ ಪಾಸ್‌ವರ್ಡ್ ಸರಿಯಾಗಿ ಇಟ್ಟುಕೊಂಡವರೂ ಬಂಧುಗಳ ಪಾಸ್‌ವರ್ಡ್‌ನಿಂದಾಗಿ ಸಿಕ್ಕಿಬಿದ್ದರು.

2025ರ ಮಾರ್ಚ್‌ನಲ್ಲಿ ಇದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಬೇಡವಾದವರು ತಮ್ಮ ಮಾಹಿತಿ ಅಳಿಸಿಕೊಳ್ಳಬಹುದೆಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಜನರಿಗೆ ನೆನಪಿಸಿದರು. ಅದೇ ವರ್ಷ ಜುಲೈನಲ್ಲಿ ಅದು ಸ್ಥಾಪಕಿ ಆನ್ ವೊಜಿಸ್ಕಿ ಅವರ ಲಾಭರಹಿತ ಸಂಸ್ಥೆಯ ಕೈಗೆ ಹೋಯಿತು. ಅಂಗಡಿ ಮಾರಿದಾಗ ಉದ್ರಿ ಪುಸ್ತಕವೂ ಹೊಸ ಮಾಲೀಕನಿಗೆ ಹೋಗುವ ಹಾಗೆ, ಕಂಪನಿ ಕೈ ಬದಲಾದರೆ ಡಿಎನ್‌ಎ ಮಾಹಿತಿಯೂ ಅದರ ಜೊತೆಗೆ ಹೋಗುತ್ತದೆ.

ಖಾತೆ ತೆರೆದು ನೋಡಬೇಕಾದ ಆಯ್ಕೆಗಳು

ಕಂಪನಿಯಿಂದ ಕಂಪನಿಗೆ ಬಟನ್ ಇರುವ ಜಾಗ ಬೇರೆ. ಸಾಮಾನ್ಯವಾಗಿ ‘ಅಕೌಂಟ್ ಸೆಟ್ಟಿಂಗ್ಸ್’, ‘ಪ್ರೈವಸಿ’ ಅಥವಾ ‘ಡಿಎನ್‌ಎ ಸೆಟ್ಟಿಂಗ್ಸ್’ ಒಳಗೆ ಇವು ಸಿಗುತ್ತವೆ.

1. ಇಮೇಲ್ ಮತ್ತು ಪಾಸ್‌ವರ್ಡ್: ಖಾತೆ ಯಾರ ಇಮೇಲ್‌ನಲ್ಲಿದೆಯೋ ಯಜಮಾನಿಕೆ ಅವರದ್ದು. ಹಿರಿಯರ ಹೆಸರಿನಲ್ಲಿ ಖಾತೆ ಮಾಡುವಾಗ ಅಂಗಡಿ ಹುಡುಗನ, ಪಕ್ಕದ ಮನೆಯವರ ಇಮೇಲ್ ಕೊಡಬಾರದು. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಬೇಕು. ಎರಡು ಹಂತದ ದೃಢೀಕರಣ ಚಾಲೂ ಮಾಡಬೇಕು. ಜೋಯಿಡಾದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದೆ ಎಸ್‌ಎಂಎಸ್ ತಡವಾಗುವುದುಂಟು. ಅಂಥ ಕಡೆ ನೆಟ್‌ವರ್ಕ್ ಇಲ್ಲದೆಯೂ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಉಪಯೋಗಕ್ಕೆ ಬರುತ್ತದೆ.

2. ಕಾಣುವ ಹೆಸರು: ‘ಡಿಸ್‌ಪ್ಲೇ ನೇಮ್’ ಜಾಗದಲ್ಲಿ ಪೂರ್ತಿ ಹೆಸರು ಬೇಕಾಗಿಲ್ಲ, ಇನಿಶಿಯಲ್ ಸಾಕು. ಈ ಭಾಗದ ಅನೇಕ ಅಡ್ಡಹೆಸರುಗಳಲ್ಲಿ ಊರಿನ ಹೆಸರೇ ಇರುತ್ತದೆ. ಅಡ್ಡಹೆಸರು ಒಂದೇ ಕೊಟ್ಟರೂ ಮನೆ ಸಿಕ್ಕಂತೆ. ಫೋಟೋ, ಹುಟ್ಟಿದ ವರ್ಷ, ಊರು ಇವು ಕಡ್ಡಾಯವಲ್ಲ.

3. ಬಂಧುಗಳ ಹೋಲಿಕೆ: ‘ಮ್ಯಾಚಿಂಗ್’ ಅಥವಾ ‘ರಿಲೇಟಿವ್ಸ್’ ಬಂದ್ ಮಾಡಿದರೆ ಬೇರೆಯವರ ಪಟ್ಟಿಯಲ್ಲಿ ಹೆಸರು ಕಾಣುವುದಿಲ್ಲ, ತಮಗೂ ಅವರ ಹೆಸರು ಸಿಗುವುದಿಲ್ಲ. ಮೂಲ ಪ್ರದೇಶದ ಅಂದಾಜು ಮಾತ್ರ ಬೇಕಿದ್ದವರು ಇದನ್ನು ಬಂದ್ ಇಟ್ಟರೂ ನಡೆಯುತ್ತದೆ.

4. ವಂಶವೃಕ್ಷ: ಇದು ಡಿಎನ್‌ಎಗಿಂತ ಬೇರೆ ಆಯ್ಕೆ. ‘ಪ್ರೈವೇಟ್’ ಎಂದು ಇಡಬೇಕು. ಆನ್ಸೆಸ್ಟ್ರಿ ತಾಣದಲ್ಲಿ ಪ್ರೈವೇಟ್ ಮಾಡಿದ ವೃಕ್ಷವೂ ಹುಡುಕಾಟದಲ್ಲಿ ಬಾರದಂತೆ ಮಾಡಲು ಇನ್ನೊಂದು ಟಿಕ್ ಹಾಕಬೇಕು. ಬದುಕಿರುವವರನ್ನು ‘ಲಿವಿಂಗ್’ ಎಂದೇ ಗುರುತಿಸಬೇಕು. ಅವರ ವಿವರಗಳನ್ನು ಹೊರಗಿನವರಿಂದ ಮುಚ್ಚುವ ವ್ಯವಸ್ಥೆ ಅದರ ಮೇಲೆಯೇ ನಿಂತಿದೆ. ತಾಯಿಯ ತವರುಮನೆ ಹೆಸರು, ಪೂರ್ತಿ ಜನ್ಮದಿನಾಂಕ ಇವುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಫೋನ್ ಮೂಲಕ ಗುರುತು ಖಚಿತಪಡಿಸಲು ಬ್ಯಾಂಕುಗಳು ಕೇಳುವ ಪ್ರಶ್ನೆಗಳಲ್ಲಿ ಇವೂ ಇರುತ್ತವೆ.

5. ಸಂಶೋಧನೆಗೆ ಒಪ್ಪಿಗೆ ಮತ್ತು ಮಾದರಿ: ಮಾಹಿತಿಯನ್ನು ಸಂಶೋಧನೆಗೆ ಬಳಸಲು ಪ್ರತ್ಯೇಕ ಒಪ್ಪಿಗೆ ಕೇಳುತ್ತಾರೆ. ಕೊಡುವುದು ಬಿಡುವುದು ಅವರವರ ಇಚ್ಛೆ. ಜೊಲ್ಲಿನ ಮಾದರಿಯನ್ನು ಇಟ್ಟುಕೊಳ್ಳಬೇಕೋ ನಾಶ ಮಾಡಬೇಕೋ ಎಂಬುದನ್ನೂ ತಿಳಿಸಬಹುದು.

6. ಪೊಲೀಸ್ ತನಿಖೆ: ಫ್ಯಾಮಿಲಿ ಟ್ರೀ ಡಿಎನ್‌ಎ ಮತ್ತು ಜಿಇಡಿಮ್ಯಾಚ್ ತಾಣಗಳಲ್ಲಿ ತನಿಖೆಯ ಹೋಲಿಕೆಗೆ ಸೇರುವ, ಸೇರದಿರುವ ಆಯ್ಕೆ ಪ್ರತ್ಯೇಕವಾಗಿದೆ. ಅಲ್ಲಿ ಖಾತೆ ಇದ್ದವರು ಒಮ್ಮೆ ನೋಡಿಕೊಳ್ಳಬೇಕು.

ಸಂಬಂಧದ ಹೆಸರನ್ನು ಹಾಗೆಯೇ ನಂಬಬಾರದು

ಈ ತಾಣಗಳು ಡಿಎನ್‌ಎ ಎಷ್ಟು ಹೊಂದುತ್ತದೆ ಎಂಬ ಲೆಕ್ಕದ ಮೇಲೆ ಸಂಬಂಧ ಅಂದಾಜು ಮಾಡುತ್ತವೆ. ಕರ್ನಾಟಕದಲ್ಲಿ ಸೋದರಮಾವನ ಮಗಳು, ಅಕ್ಕನ ಮಗಳನ್ನು ತರುವ ರೂಢಿ ಬಹಳ ಮನೆಗಳಲ್ಲಿ ಇತ್ತು. ಸಣ್ಣ ಸಮಾಜದೊಳಗೇ ತಲೆಮಾರುಗಳಿಂದ ಮದುವೆಗಳಾದಾಗ ದೂರದ ಬಂಧುಗಳ ಡಿಎನ್‌ಎಯೂ ಹೆಚ್ಚು ಹೊಂದುತ್ತದೆ. ದೂರದವರನ್ನು ತಾಣ ಹತ್ತಿರದವರೆಂದು ತೋರಿಸಬಹುದು. ಪರದೆಯ ಮೇಲಿನ ಹೆಸರು ನೋಡಿ ಮನೆಯಲ್ಲಿ ಮಾತು ಬೆಳೆಸುವ ಮುನ್ನ ಹಿರಿಯರನ್ನು ಕೇಳುವುದು ಲೇಸು. ಆರೋಗ್ಯದ ವರದಿಯೂ ಹಾಗೆಯೇ. ಅದನ್ನು ವೈದ್ಯರಿಗೆ ತೋರಿಸಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮಗಳ ಸಂಬಂಧ ನೋಡುವ ಹೊತ್ತಿಗೆ ಅದು ಎಲ್ಲಿಗೆ ಹೋಗಿರುತ್ತದೆಂದು ಹೇಳಲಾಗದು.

ಮಕ್ಕಳು, ಹಿರಿಯರು ಮತ್ತು ಕಾನೂನು

ಪುಟ್ಟ ಮಕ್ಕಳ ಡಿಎನ್‌ಎ ಕೊಡಲು ಅವಸರ ಬೇಡ. ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ. ಅಜ್ಜ, ಅಜ್ಜಿಯರಿಗೆ ಏನಕ್ಕೆ, ಯಾರು ನೋಡುತ್ತಾರೆ ಎಂದು ಅವರ ಮಾತಿನಲ್ಲೇ ತಿಳಿಸಿ, ಒಪ್ಪಿದರೆ ಮಾತ್ರ ಮಾದರಿ ತೆಗೆದುಕೊಳ್ಳಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇಡಲಾಗಿದೆ. ಒಪ್ಪಿಗೆ ಹಿಂಪಡೆಯುವುದು, ತಿದ್ದಿಸುವುದು, ಅಳಿಸಿಸುವುದು, ತಮ್ಮ ನಂತರ ಈ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವುದು ಇದರಲ್ಲಿವೆ. 18 ವರ್ಷದೊಳಗಿನವರಿಗೆ ಪಾಲಕರ ಒಪ್ಪಿಗೆ ಬೇಕು.

ಅಳಿಸುವುದು ಹೇಗೆ

ಮೊಬೈಲಿನಿಂದ ಆ್ಯಪ್ ತೆಗೆದರೆ ಖಾತೆ ಹೋಗುವುದಿಲ್ಲ. ಸೆಟ್ಟಿಂಗ್ಸ್ ಒಳಗೆ ‘ಡಿಲೀಟ್’ ಕೊಟ್ಟು, ಇಮೇಲ್‌ಗೆ ಬಂದ ಸಂದೇಶವನ್ನು ದೃಢಪಡಿಸಬೇಕಾಗಬಹುದು. ಅಳಿಸಿದ್ದು ಮರಳಿ ಬಾರದು. ಬೇಕಿದ್ದರೆ ಮೊದಲೇ ಮಾಹಿತಿಯ ಪ್ರತಿ ಇಳಿಸಿಕೊಳ್ಳಬೇಕು. ಆ ಕಡತವನ್ನು ಯಾರಿಗೂ ಫಾರ್ವರ್ಡ್ ಮಾಡಬಾರದು. ಮಾದರಿ ನಾಶ ಮಾಡುವುದಕ್ಕೆ ಕೆಲವು ಕಡೆ ಬೇರೆ ಕೋರಿಕೆ ಕೊಡಬೇಕು. ಅದೇ ಕಡತವನ್ನು ಇನ್ನೊಂದು ತಾಣಕ್ಕೆ ಏರಿಸಿದ್ದರೆ ಅಲ್ಲಿಯೂ ಅಳಿಸಬೇಕು. ಈಗಾಗಲೇ ಮುಗಿದ ಸಂಶೋಧನೆಯಲ್ಲಿ ಸೇರಿದ್ದನ್ನು ಹಿಂದಕ್ಕೆ ತೆಗೆಯಲಾಗದು.

ಮನೆಯಲ್ಲಿ ಯಾರದ್ದಾದರೂ ಇಂಥ ಖಾತೆ ಇದ್ದರೆ ಈ ವಾರವೇ ಅರ್ಧ ತಾಸು ಕುಳಿತು, ವಿದೇಶದಲ್ಲಿರುವ ಮಕ್ಕಳನ್ನು ಫೋನಿನಲ್ಲಿ ಜೊತೆಗಿಟ್ಟುಕೊಂಡು, ಮೇಲಿನ ಆರು ಆಯ್ಕೆಗಳನ್ನು ಒಂದೊಂದಾಗಿ ನೋಡಬಹುದು. ಪಾಸ್‌ವರ್ಡ್ ಮತ್ತು ಕಾಣುವ ಹೆಸರು, ಈ ಎರಡನ್ನಂತೂ ಮೊದಲು ಸರಿಪಡಿಸಬೇಕು.