ಪಠ್ಯಪುಸ್ತಕದ ಸುರುಳಿ ಜೀವಕೋಶದಲ್ಲಿ ಇದೆಯೇ?

ಮನುಷ್ಯನ ಒಂದು ಜೀವಕೋಶದ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದು ಅಡಗಿರುವ ಕೋಶಕೇಂದ್ರದ ಅಡ್ಡಳತೆಯೋ ಸಾಮಾನ್ಯವಾಗಿ 0.01 ಮಿಲಿಮೀಟರ್ ಕೂಡ ಇರುವುದಿಲ್ಲ. ತುಂಬಿಟ್ಟರೆ ಮುಗಿಯಲಿಲ್ಲ. ಯಕೃತ್ತಿನ ಕೋಶಕ್ಕೆ ಅದರ ವಂಶವಾಹಿಗಳು, ನರಕೋಶಕ್ಕೆ ಅದರವು ಬೇಕೆಂದಾಗ ಓದಲು ಸಿಗಬೇಕು.

ಮೊದಲ ಹಂತ ಸ್ಪಷ್ಟವಾಗಿದೆ. ಡಿಎನ್‌ಎಯ ಫಾಸ್ಫೇಟ್‌ಗಳದು ಋಣ ವಿದ್ಯುದಂಶ. ಹಿಸ್ಟೋನ್ ಎಂಬ ಪ್ರೋಟೀನುಗಳಲ್ಲಿ ಧನ ವಿದ್ಯುದಂಶದ ಲೈಸೀನ್, ಆರ್ಜಿನೀನ್ ಹೇರಳ. ಹಾಗಾಗಿ ಎರಡೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಎಂಟು ಹಿಸ್ಟೋನುಗಳ ಗುಂಪಿಗೆ ಡಿಎನ್‌ಎಯ 147 ಪ್ರತ್ಯಾಮ್ಲ ಜೋಡಿಗಳು ಎರಡಕ್ಕೆ ತುಸು ಕಡಿಮೆ ಸುತ್ತು ಹಾಕುತ್ತವೆ. ಇದೇ ನ್ಯೂಕ್ಲಿಯೊಸೋಮ್. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಈ ರಚನೆಯನ್ನು ಮುಂದಿಟ್ಟರು. ಅದೇ ವರ್ಷ ಆಡಾ ಮತ್ತು ಡೊನಾಲ್ಡ್ ಓಲಿನ್ಸ್ ದಂಪತಿ ಪ್ರಕಟಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳಲ್ಲಿ ಅವು ದಾರಕ್ಕೆ ಪೋಣಿಸಿದ ಮಣಿಗಳಂತೆ ಕಂಡವು. ವಿಕಾಸವು ಹಿಸ್ಟೋನುಗಳನ್ನು ಕಾಪಾಡಿಕೊಂಡು ಬಂದ ಬಗೆ ನನಗೆ ಇಂದಿಗೂ ಬೆರಗು: ಎಚ್4 ಹಿಸ್ಟೋನಿನ 102 ಅಮೈನೊ ಆಮ್ಲಗಳಲ್ಲಿ ಬಟಾಣಿ ಗಿಡಕ್ಕೂ ಹಸುವಿಗೂ ಇರುವ ವ್ಯತ್ಯಾಸ ಎರಡೇ ಎರಡು.

ತೊಡಕಿರುವುದು ಮುಂದಿನ ಹಂತದಲ್ಲಿ. ಈ ಮಣಿಗಳ ಸಾಲು ಮತ್ತೆ ಸುತ್ತಿಕೊಂಡು 30 ನ್ಯಾನೊಮೀಟರ್ ದಪ್ಪದ ಸುರುಳಿಯಾಗುತ್ತದೆ ಎಂದು 1976ರಲ್ಲಿ ಕೇಂಬ್ರಿಜ್‌ನ ಜಾನ್ ಫಿಂಚ್ ಮತ್ತು ಆರನ್ ಕ್ಲುಗ್ ಸೂಚಿಸಿದರು. ಪಠ್ಯಪುಸ್ತಕಗಳು ಆ ಚಿತ್ರವನ್ನು ಅಚ್ಚೊತ್ತುತ್ತಲೇ ಬಂದವು. ಆದರೆ ಅದು ಕೋಶದಿಂದ ಹೊರತೆಗೆದ ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಹಿಸ್ಟೋನುಗಳ ಜೋಡಣೆ) ಲವಣದ ದ್ರಾವಣದಲ್ಲಿ ತಳೆದ ರೂಪ.

ಕೋಶದೊಳಗೇ ನೋಡುವ ದಾರಿಯನ್ನು 2017ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಕ್ಲೋಡಾ ಓಶೇ ಅವರ ತಂಡ ತೆರೆಯಿತು. ಡಿಎನ್‌ಎಗೆ ಅಂಟುವ ಒಂದು ಬಣ್ಣದ ನೆರವಿನಿಂದ ಡಿಎನ್‌ಎ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಎದ್ದು ಕಾಣುವಂತೆ ಮಾಡಿ, ಮೂರು ಆಯಾಮದ ಚಿತ್ರ ಪಡೆದರು. ಮಾನವ ಕೋಶಗಳಲ್ಲಿ ಕಂಡದ್ದು ಅಚ್ಚುಕಟ್ಟಾದ ಸುರುಳಿಯಲ್ಲ. 5ರಿಂದ 24 ನ್ಯಾನೊಮೀಟರ್ ದಪ್ಪದ, ಹೇಗೆಂದರೆ ಹಾಗೆ ಬಾಗಿದ ಸರಪಳಿಗಳು. ವಿಭಜನೆಗೆ ಸಜ್ಜಾದ ಕ್ರೋಮೊಸೋಮಿನಲ್ಲೂ ಅವೇ ಸರಪಳಿಗಳು, ಇನ್ನಷ್ಟು ಒತ್ತೊತ್ತಾಗಿ. ಮೆಟ್ಟಿಲು ಮೆಟ್ಟಿಲಾಗಿ ಮಡಿಸುವ ಕ್ರಮಕ್ಕಿಂತ ಎಲ್ಲಿ ಎಷ್ಟು ದಟ್ಟ ಎಂಬುದೇ ಮುಖ್ಯವೆಂದು ಅವರು ವಾದಿಸಿದರು. ವಿರಳವಾಗಿರುವ ಕಡೆ ಓದುವ ಪ್ರೋಟೀನುಗಳು ನುಸುಳಬಹುದು, ಒತ್ತಾಗಿರುವಲ್ಲಿ ಕಷ್ಟ.

ನಮ್ಮ ಮಕ್ಕಳ ಪುಸ್ತಕಗಳಲ್ಲಿ ಸುರುಳಿಯ ಚಿತ್ರ ಬದಲಾಗಲೇಬೇಕು. ಹಾಗೆಂದು 30 ನ್ಯಾನೊಮೀಟರ್ ಎಳೆ ಬರೀ ಕಲ್ಪನೆಯೂ ಅಲ್ಲ. ಕೋಳಿಯ ಕೆಂಪು ರಕ್ತಕಣಗಳಲ್ಲಿ, ನಕ್ಷತ್ರಮೀನಿನ ವೀರ್ಯಾಣುಗಳಲ್ಲಿ ಅದು ಕಂಡಿದೆ. ಎರಡರಲ್ಲೂ ವಂಶವಾಹಿಗಳ ಓದು ಬಹುತೇಕ ನಿಂತುಹೋಗಿರುತ್ತದೆ.