ಅಲೆಯ ಎದುರು ಪುಟ್ಟ ದೋಣಿ

ಮಳೆಗಾಲದಲ್ಲಿ ಉಪ್ಪಿನಂಗಡಿಯ ಸೇತುವೆ ದಾಟುವಾಗ ನೀವು ಒಮ್ಮೆಯಾದರೂ ಬಸ್ಸಿನ ಕಿಟಕಿಯಿಂದ ಕೆಳಗೆ ಇಣುಕಿರುತ್ತೀರಿ. ಒಂದು ಕಡೆಯಿಂದ ನೇತ್ರಾವತಿ, ಇನ್ನೊಂದು ಕಡೆಯಿಂದ ಕುಮಾರಧಾರಾ. ಎರಡೂ ಕೆಂಪಾಗಿ, ಮರದ ದಿಮ್ಮಿ, ತೆಂಗಿನ ಮಡಲುಗಳನ್ನು ಹೊತ್ತುಕೊಂಡು ಬಂದು ಅಲ್ಲಿ ಸೇರುತ್ತವೆ. 1923 ಮತ್ತು 1974ರ ನೆರೆಯ ಕಥೆಗಳನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿರಬಹುದು. ಇದೇ ನೀರಿನ ಮೇಲೆ ನಮ್ಮ ಅಜ್ಜಿಯಂದಿರು ದೋಣಿಯಲ್ಲಿ ಕುಳಿತು ತವರಿಗೆ ಹೋಗಿ ಬಂದಿದ್ದಾರೆ. ಕಂಕುಳಲ್ಲಿ ಮಗು, ಕೈಯಲ್ಲಿ ಬಟ್ಟೆಯ ಗಂಟು, ಬಾಯಲ್ಲಿ ದ್ಸಿಕ್ರ್.

ಆ ಕಡವಿನ ದೋಣಿ ನಡೆಸುವವನು ಏನು ಮಾಡುತ್ತಿದ್ದ ಎಂದು ಅವರನ್ನು ಕೇಳಿ ನೋಡಿ. ನೀರು ಜೋರಾಗಿದ್ದಾಗ ಅವನು ಎದುರಿನ ದಡಕ್ಕೆ ನೇರವಾಗಿ ದೋಣಿ ಬಿಡುತ್ತಿರಲಿಲ್ಲ. ಮೊದಲು ಬದಿಯಲ್ಲೇ, ನೀರಿನ ಸೆಳೆತ ಕಡಿಮೆ ಇರುವಲ್ಲಿ, ಗಳ ಊರುತ್ತಾ ಮೇಲಕ್ಕೆ ಹೋಗುತ್ತಿದ್ದ. ಸಾಕಷ್ಟು ಮೇಲೆ ಹೋದ ಮೇಲೆ ದೋಣಿಯ ಮೂತಿಯನ್ನು ಹರಿವಿಗೆ ಓರೆಯಾಗಿ ಮೇಲ್ಮುಖವಾಗಿಟ್ಟು ಹುಟ್ಟು ಹಾಕುತ್ತಿದ್ದ. ಹೊಳೆ ದೋಣಿಯನ್ನು ಕೆಳಗೆ ಎಳೆಯುತ್ತದೆ, ಹುಟ್ಟು ಅದನ್ನು ಆಚೆ ತಳ್ಳುತ್ತದೆ, ದೋಣಿ ಸರಿಯಾಗಿ ಎದುರಿನ ಕಡವಿಗೇ ಹೋಗಿ ತಾಗುತ್ತದೆ! ಶಾಲೆಯ ಮೆಟ್ಟಿಲು ಹತ್ತದವನೂ ಈ ಲೆಕ್ಕವನ್ನು ತಪ್ಪದೆ ಮಾಡುತ್ತಿದ್ದ.

ಇಂದು ಆ ಕಡವುಗಳು ಹೆಚ್ಚಿನ ಕಡೆ ಇಲ್ಲ. ಕುಮಾರಧಾರೆಗೆ ಶಾಂತಿಮೊಗರಿನಲ್ಲಿ ಸೇತುವೆಯಾಗಿದೆ. ಕಡಬದ ಹೊಸ್ಮಠದಲ್ಲಿ ಪ್ರತಿ ಮಳೆಗಾಲದಲ್ಲೂ ನೀರಡಿಯಾಗುತ್ತಿದ್ದ ಮುಳುಗು ಸೇತುವೆಯ ಜಾಗದಲ್ಲಿ ಎತ್ತರದ ಸೇತುವೆ ಬಂದಿದೆ. ಸುಳ್ಯದ ಗಿರೀಶ್ ಭಾರದ್ವಾಜ್‌ರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಬಳಿಕ ದೇಶದ ಹಲವೆಡೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ನಡುರಾತ್ರಿ ದೋಣಿಯಲ್ಲಿ ಸಾಗಿಸಬೇಕಾಗಿದ್ದ ಕಾಲ ಮುಗಿಯಿತು, ಅಲ್‌ಹಂದುಲಿಲ್ಲಾಹ್. ಆದರೆ ದೋಣಿಯೊಂದಿಗೆ ನೀರಿನ ಅರಿವೂ ಮನೆಯಿಂದ ಹೊರಟು ಹೋಯಿತು. ಹೊಳೆಯ ಬದಿಯ ಊರಿನ ಮಕ್ಕಳಿರುವ ತರಗತಿಯಲ್ಲಿ "ಈಜು ಬರುವವರು ಕೈ ಎತ್ತಿ" ಎಂದು ನಾನು ಕೇಳಿದಾಗ ಹುಡುಗರ ಸಾಲಿನಲ್ಲಿ ಕೆಲವು ಕೈಗಳು ಎದ್ದವು, ಹುಡುಗಿಯರ ಸಾಲಿನಲ್ಲಿ ಒಂದೂ ಏಳಲಿಲ್ಲ. ಅದೇ ಮಕ್ಕಳು ರಜೆಯಲ್ಲಿ ನೆಂಟರೊಂದಿಗೆ ಹಿನ್ನೀರಿಗೆ, ಕಡಲಿಗೆ, ಕೆರೆಗೆ ವಿಹಾರ ಹೋಗುತ್ತಾರೆ. ದೋಣಿ ಹತ್ತುತ್ತಾರೆ.

ಈಗ ಇಂತಹ ಕಡೆಗಳಲ್ಲೆಲ್ಲ ಕಯಾಕ್ ಎಂಬ ಪುಟ್ಟ ದೋಣಿ ಕಾಣಸಿಗುತ್ತದೆ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಕಾಂಡ್ಲಾ ಗಿಡಗಳ ನಡುವೆ ಇದರಲ್ಲಿ ಸುತ್ತಾಡಲು ದೂರದ ಊರುಗಳಿಂದ ಜನ ಬರುತ್ತಾರೆ. ಒಬ್ಬರೋ ಇಬ್ಬರೋ ಕಾಲು ಚಾಚಿ ಕುಳಿತುಕೊಳ್ಳುವಷ್ಟೇ ಜಾಗ. ಕೈಯಲ್ಲಿ ಎರಡೂ ತುದಿಗೆ ಹಲಗೆಯಿರುವ ಒಂದು ಹುಟ್ಟು. ಬಲಕ್ಕೊಮ್ಮೆ, ಎಡಕ್ಕೊಮ್ಮೆ ನೀರಿಗೆ ಹಾಕುತ್ತಾ ಹೋಗುವುದು. ನೋಡಲು ಆಟಿಕೆಯಂತಿದೆ. ಆದರೆ ಇದು ಹುಟ್ಟಿದ್ದು ಆಟಕ್ಕಲ್ಲ. ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಧ್ರುವದ ಸುತ್ತಲಿನ ಹಿಮ ಪ್ರದೇಶದ ಇನ್ಯೂಟ್ ಜನರು ಸೀಲ್ ಬೇಟೆಗೆಂದು ಮಾಡಿಕೊಂಡ ದೋಣಿಯಿದು. ತೇಲಿ ಬಂದ ಮರದ ತುಂಡು, ಪ್ರಾಣಿಯ ಎಲುಬುಗಳಿಂದ ಚೌಕಟ್ಟು. ಅದರ ಮೇಲೆ ಸೀಲ್ ಚರ್ಮದ ಹೊದಿಕೆ.

ಆ ಚರ್ಮವನ್ನು ಹೊಲಿಯುತ್ತಿದ್ದವರು ಯಾರು ಗೊತ್ತೇ? ಮನೆಯ ಹೆಂಗಸರು. ಪ್ರಾಣಿಯ ನರದಿಂದ ಮಾಡಿದ ನೂಲು. ಸೂಜಿ ಚರ್ಮದ ಒಳಪದರವನ್ನಷ್ಟೇ ಹಿಡಿಯಬೇಕು, ಪೂರ್ತಿ ತೂತಾಗಿ ಆಚೆ ಬರಬಾರದು. ಅದರ ಮೇಲೆ ಇನ್ನೊಂದು ಸಾಲು ಹೊಲಿಗೆ. ಹಾಗೆ ಹೊಲಿದರೆ ಒಂದು ಹನಿ ನೀರೂ ಒಳಬಾರದು. ಗಂಡ ಹಿಮದಷ್ಟು ತಣ್ಣಗಿನ ಕಡಲಿಗೆ ಇಳಿದಾಗ ಅವನ ಪ್ರಾಣ ಹೆಂಡತಿಯ ಆ ಹೊಲಿಗೆಯಲ್ಲಿರುತ್ತಿತ್ತು. ಉಮಿಯಾಕ್ ಎಂಬ ಇನ್ನೊಂದು ದೊಡ್ಡ ದೋಣಿಯೂ ಅವರಲ್ಲಿತ್ತು. ಮಕ್ಕಳು, ಮುದುಕರು, ಮನೆಯ ಸಾಮಾನುಗಳನ್ನೆಲ್ಲ ಹೇರಿಕೊಂಡು ಬಿಡಾರ ಬದಲಿಸುವಾಗ ಗ್ರೀನ್‌ಲ್ಯಾಂಡಿನಲ್ಲಿ ಅದಕ್ಕೆ ಹುಟ್ಟು ಹಾಕುತ್ತಿದ್ದವರು ಹೆಂಗಸರೇ. ಆದ್ದರಿಂದಲೇ ಅದಕ್ಕೆ ಹೆಂಗಸರ ದೋಣಿ ಎಂದೇ ಹೆಸರು ಬಂತು.

ದೂರದ ಮಾತು ಬೇಡ ಎನ್ನುತ್ತೀರಾದರೆ ಕಾಶ್ಮೀರಕ್ಕೆ ಬನ್ನಿ. ದಾಲ್ ಸರೋವರದಲ್ಲಿ ಹೃದಯದಾಕಾರದ ಹುಟ್ಟು ಹಿಡಿದು ತರಕಾರಿ ದೋಣಿ ನಡೆಸುವ ಮುಸ್ಲಿಮ್ ಹೆಂಗಸರ ಚಿತ್ರವನ್ನು ನೀವು ನೋಡಿರುತ್ತೀರಿ. ದಾಲ್ ಶಾಂತ ಸರೋವರ. ಆದರೆ ಅದರ ವಾಯವ್ಯಕ್ಕಿರುವ ವುಲಾರ್ ಹಾಗಲ್ಲ. ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಅದೂ ಒಂದು. ಮಧ್ಯಾಹ್ನವಾಯಿತೆಂದರೆ ಬೆಟ್ಟಗಳ ಕಡೆಯಿಂದ ಗಾಳಿ ಬೀಸಿ ಅಲೆಗಳೇಳುತ್ತವೆ. ಎದ್ದು ಕುಣಿಯುವ ಅಲೆ ಎಂಬ ಅರ್ಥದ 'ಉಲ್ಲೋಲ' ಎಂಬ ಸಂಸ್ಕೃತ ಪದದಿಂದಲೇ ವುಲಾರ್ ಹೆಸರು ಬಂದಿದೆ ಎನ್ನುವವರಿದ್ದಾರೆ. ಅಲ್ಲಿನ ಅಂಬಿಗರು ಆದಷ್ಟು ಬೆಳಿಗ್ಗೆಯೇ ಸರೋವರ ದಾಟಿ ಮುಗಿಸಲು ನೋಡುತ್ತಾರೆ. 15ನೇ ಶತಮಾನದಲ್ಲಿ ಕಾಶ್ಮೀರವನ್ನಾಳಿದ ಸುಲ್ತಾನ್ ಝೈನುಲ್ ಆಬಿದೀನ್, ಬಿರುಗಾಳಿಗೆ ಸಿಕ್ಕಿದ ದೋಣಿಗಳಿಗೆ ಆಸರೆಯಾಗಲೆಂದು ಆ ಸರೋವರದೊಳಗೆ ಕಲ್ಲು ತುಂಬಿಸಿ ಒಂದು ದ್ವೀಪವನ್ನೇ ಕಟ್ಟಿಸಿದರು. ಝೈನಾ ಲಂಕ್ ಎಂದು ಅದರ ಹೆಸರು. ಅರಮನೆ, ತೋಟ ಕಟ್ಟಿಸಿದ ಅರಸರು ಬಹಳ ಮಂದಿ ಸಿಗುತ್ತಾರೆ. ಬಡ ಅಂಬಿಗನ ದೋಣಿ ಮಗುಚೀತೆಂದು ಯೋಚಿಸಿದವರು ಎಷ್ಟು ಮಂದಿ? ಅದೇ ವುಲಾರಿನಲ್ಲಿ 2006ರ ಮೇ ತಿಂಗಳಲ್ಲಿ ವಿಹಾರಕ್ಕೆ ಬಂದ ಶಾಲಾ ಮಕ್ಕಳ ದೋಣಿ ಮಗುಚಿ ಹಲವು ಮಕ್ಕಳು ಪ್ರಾಣ ಕಳೆದುಕೊಂಡರು.

ದಾಲ್ ಸರೋವರದ ನೀರಿನಲ್ಲೇ ಹುಟ್ಟು ಹಿಡಿಯಲು ಕಲಿತವರು ಶ್ರೀನಗರದ ಬಿಲ್ಕೀಸ್ ಮೀರ್. 1990ರ ದಶಕದ ಕೊನೆಯಲ್ಲಿ, ಕಣಿವೆಯಲ್ಲಿ ಹುಡುಗಿಯರು ಮನೆಯಿಂದ ಹೊರಬರುವುದೇ ಕಷ್ಟವಾಗಿದ್ದ ಕಾಲದಲ್ಲಿ, ಅವರು ಈ ಕ್ರೀಡೆಗೆ ಇಳಿದರು. ಆಡಿಕೊಳ್ಳುವ ಬಾಯಿಗಳಿಗೆ ಅಲ್ಲೂ ಬರವಿರಲಿಲ್ಲ. 2009ರಲ್ಲಿ ಹಂಗೆರಿಯಲ್ಲಿ ನಡೆದ ವಿಶ್ವಕಪ್ ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದರು. ಮುಂದೆ ತರಬೇತುದಾರರಾಗಿ ನೂರಾರು ಹುಡುಗ ಹುಡುಗಿಯರನ್ನು ನೀರಿಗಿಳಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಯಾಕ್-ಕನೂ ಸ್ಪರ್ಧೆಗಳ ತೀರ್ಪುಗಾರರ ಸಾಲಿನಲ್ಲಿ ಅವರು ಕುಳಿತಿದ್ದರು.

ಅಲೆಯನ್ನು ಈ ಪುಟ್ಟ ದೋಣಿ ಹೇಗೆ ಎದುರಿಸುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ದೋಣಿ ನಡೆಸದವರಿಗೂ ಒಳ್ಳೆಯದು. ನಮ್ಮ ಹೊಳೆಯಲ್ಲಿ ಬಂಡೆಗೆ ಬಡಿದು ಏಳುವ ಅಲೆ ನಿಂತಲ್ಲೇ ನಿಂತಿರುತ್ತದೆ, ನೀರು ಮಾತ್ರ ಹರಿದು ಹೋಗುತ್ತದೆ. ದೊಡ್ಡ ಸರೋವರದಲ್ಲಿ ಇದು ತಿರುಗುಮುರುಗು. ನೀರು ಹೆಚ್ಚುಕಡಿಮೆ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ, ಅಲೆ ಓಡುತ್ತದೆ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು ಬೀಸಿತು, ತಡೆಯಿಲ್ಲದೆ ಎಷ್ಟು ದೂರ ನೀರಿನ ಮೇಲೆ ಓಡಿ ಬಂತು ಎಂಬ ಮೂರರ ಮೇಲೆ ಅಲೆಯ ಎತ್ತರ ನಿಲ್ಲುತ್ತದೆ. ಆದ್ದರಿಂದ ಗಾಳಿ ಹೊರಡುವ ಕಡೆಯ ದಡ ಶಾಂತವಾಗಿರುತ್ತದೆ, ಎದುರಿನ ದಡದಲ್ಲಿ ಅಲೆ ಅಪ್ಪಳಿಸುತ್ತಿರುತ್ತದೆ. ಮೋಸವಿರುವುದು ಇಲ್ಲೇ. ಶಾಂತ ದಡದಲ್ಲಿ ನಿಂತು "ನೀರು ಕನ್ನಡಿಯಂತಿದೆ" ಎಂದು ದೋಣಿ ಬಿಟ್ಟವರನ್ನು ಬೆನ್ನಿಗೆ ಬೀಸುವ ಗಾಳಿ ಮೆಲ್ಲಗೆ ನಡುನೀರಿಗೆ ಒಯ್ಯುತ್ತದೆ. ಮರಳಿ ಬರುವಾಗ ಗಾಳಿಯೂ ಅಲೆಯೂ ಎದುರು. ಸರೋವರದ ಅಲೆಗಳು ಕಡಲಿನವುಗಳಂತೆ ದೂರ ದೂರವಲ್ಲ, ಒತ್ತೊತ್ತಾಗಿ ಬರುತ್ತವೆ. ಒಂದನ್ನು ಇಳಿಯುವಷ್ಟರಲ್ಲಿ ಇನ್ನೊಂದು ತಲೆಯ ಮೇಲಿರುತ್ತದೆ.

ಬಲ್ಲವರು ಕಯಾಕಿನ ಮೂತಿಯನ್ನು ಅಲೆಗೆ ಎದುರಾಗಿಯೇ ಇಡುತ್ತಾರೆ. ಅಡ್ಡ ತಿರುಗಿದರೆ ಅಲೆ ಪಕ್ಕೆಗೆ ಬಡಿದು ಮಗುಚುತ್ತದೆ. ಹೆದರಿದವರು ಮಾಡುವ ಮೊದಲ ಕೆಲಸ ಹುಟ್ಟನ್ನು ಮೇಲೆತ್ತಿ ದೋಣಿಯ ಅಂಚನ್ನು ಬಿಗಿಹಿಡಿಯುವುದು. ಮಾಡಬಾರದ್ದು ಅದೇ. ಹುಟ್ಟು ನೀರಿನಲ್ಲಿರುವಷ್ಟು ಹೊತ್ತು ಅದು ಊರುಗೋಲಿನಂತೆ ಆಸರೆ ಕೊಡುತ್ತದೆ. ಸೊಂಟದ ಮೇಲಿನ ಮೈ ನೇರವಾಗಿರಬೇಕು, ಸೊಂಟ ಮಾತ್ರ ದೋಣಿಯೊಂದಿಗೆ ಸಡಿಲವಾಗಿ ಆಡಬೇಕು. ದೋಣಿ ತಿರುಗಿಸಬೇಕಾದರೆ ಅಲೆಯ ನೆತ್ತಿಯ ಮೇಲಿರುವಾಗ ತಿರುಗಿಸಬೇಕು. ಆಗ ಎರಡೂ ತುದಿಗಳು ನೀರಿನಿಂದ ಬಿಡಿಸಿಕೊಂಡಿರುತ್ತವೆ. ಎದುರಿನ ಅಲೆಗಿಂತ ಬೆನ್ನ ಹಿಂದಿನ ಅಲೆ ಹೆಚ್ಚು ಅಪಾಯಕಾರಿ. ಅದು ದೋಣಿಯನ್ನು ಎತ್ತಿ ಮುಂದಕ್ಕೆಸೆದು ತಾನಾಗಿ ಅಡ್ಡ ತಿರುಗಿಸಿಬಿಡುತ್ತದೆ. ಮಗುಚಿದರೆ ದಡಕ್ಕೆ ಈಜುವ ಸಾಹಸ ಬೇಡ, ತೇಲುವ ದೋಣಿಯನ್ನೇ ಹಿಡಿದುಕೊಂಡಿರಬೇಕು. ನೀರಿನ ನಡುವಿನ ತಲೆಯೊಂದು ದೂರದಿಂದ ಕಾಣುವುದಿಲ್ಲ, ದೋಣಿ ಕಾಣುತ್ತದೆ.

ಪ್ರವಾದಿ(ಸ)ರ ಅನುಚರೆ ಉಮ್ಮು ಹರಾಮ್(ರ)ರ ಕಥೆ ನಮ್ಮ ಹೆಣ್ಣು ಮಕ್ಕಳಿಗೆ ಯಾಕೋ ಹೆಚ್ಚಾಗಿ ಹೇಳುವುದಿಲ್ಲ. ಅನಸ್(ರ)ರ ತಾಯಿಯ ಸಹೋದರಿ. ಅವರ ಮನೆಯಲ್ಲಿ ವಿಶ್ರಮಿಸಿದ್ದ ಪ್ರವಾದಿ(ಸ)ರು ನಗುತ್ತಾ ಎಚ್ಚೆತ್ತು, ತಮ್ಮ ಸಮುದಾಯದವರು ಕಡಲಿನ ಮೇಲೆ ಸಿಂಹಾಸನವೇರಿದ ಅರಸರಂತೆ ಸಾಗುವುದನ್ನು ಕನಸಿನಲ್ಲಿ ಕಂಡೆನೆಂದು ತಿಳಿಸಿದರು. ತಾನೂ ಅವರಲ್ಲಿ ಸೇರುವಂತೆ ಪ್ರಾರ್ಥಿಸಿ ಎಂದು ಆ ಮಹಿಳೆ ಕೇಳಿಕೊಂಡರು. ಪ್ರವಾದಿ(ಸ)ರು ಬೇಡವೆನ್ನಲಿಲ್ಲ. ವರ್ಷಗಳ ಬಳಿಕ ಉಸ್ಮಾನ್(ರ)ರ ಖಿಲಾಫತ್ ಕಾಲದಲ್ಲಿ, ಹಿಜರಿ 28ರ ಸುಮಾರಿಗೆ, ಪತಿ ಉಬಾದ ಬಿನ್ ಸಾಮಿತ್(ರ)ರೊಂದಿಗೆ ಸೈಪ್ರಸ್‌ಗೆ ಹೊರಟ ಹಡಗಿನಲ್ಲಿ ಅವರೂ ಇದ್ದರು. ಕಡಲು ಅವರನ್ನು ಏನೂ ಮಾಡಲಿಲ್ಲ. ನೆಲದ ಮೇಲೆ ಸವಾರಿಯ ಪ್ರಾಣಿಯಿಂದ ಬಿದ್ದು ಅವರು ಮರಣ ಹೊಂದಿದರು. ಸೈಪ್ರಸ್‌ನ ಲಾರ್ನಕಾ ಪಟ್ಟಣದ ಬಳಿ ಉಪ್ಪುನೀರಿನ ಸರೋವರವೊಂದರ ದಡದಲ್ಲಿ ಅವರ ಸಮಾಧಿಯಿದೆ.

ಈಜು ಕಲಿಯುವುದನ್ನು ವ್ಯರ್ಥ ವಿನೋದದ ಪಟ್ಟಿಯಿಂದ ಹೊರಗಿಡುವ ಹದೀಸನ್ನು ಇಮಾಮ್ ನಸಾಈ ಉದ್ಧರಿಸಿದ್ದಾರೆ. ಕಡಲು ಉಕ್ಕೇರಿರುವಾಗ ಪಯಣ ಹೊರಟು ಪ್ರಾಣ ಕಳೆದುಕೊಂಡವನ ಹೊಣೆ ಯಾರ ಮೇಲೂ ಇಲ್ಲವೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಇಮಾಮ್ ಬುಖಾರಿಯವರ ಅಲ್ ಅದಬುಲ್ ಮುಫ್ರದ್ ಗ್ರಂಥದಲ್ಲಿ, ಅಡ್ಡಗೋಡೆಯಿಲ್ಲದ ತಾರಸಿಯ ಮೇಲೆ ಮಲಗುವವನ ಮಾತಿನ ಜೊತೆಗೇ ಅದು ಬರುತ್ತದೆ. ಹೀಗಿರುವಾಗ "ತವಕ್ಕುಲ್ ಇದ್ದರೆ ಸಾಕು, ಲೈಫ್ ಜಾಕೆಟ್ ಯಾಕೆ?" ಎನ್ನುವವರ ಮಾತಿಗೆ ಆಧಾರವಾದರೂ ಯಾವುದು?

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ನಡೆದುದನ್ನು ನೀವು ಮರೆತಿರಲಾರಿರಿ. ಸಂಜೆ ಹೊತ್ತು, ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿದ ವಿಹಾರ ದೋಣಿ, ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನ. 22 ಮಂದಿ ಮುಳುಗಿದರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಒಂದೇ ಕುಟುಂಬದ 11 ಮಂದಿ ಅದರಲ್ಲಿದ್ದರು. ನಮ್ಮ ರಾಜ್ಯದಲ್ಲೇ 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಅಲೆಗೆ ಸಿಕ್ಕಿ 16 ಮಂದಿ ಜೀವ ಕಳೆದುಕೊಂಡರು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಅರ್ಧದಷ್ಟು ಮಂದಿ ಮಕ್ಕಳು ಮತ್ತು ಯುವಜನರು.

ಆದ್ದರಿಂದ ಸಹೋದರಿಯರೇ, ಹೆಣ್ಣು ಮಕ್ಕಳಿಗೆ ನೀರಿನ ಪರಿಚಯವಾಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಉಡುಪಿನ ಚಿಂತೆ ಹಿಂದಿನಂತೆ ಅಡ್ಡಿಯಲ್ಲ. ಮೈ ತಲೆ ಪೂರ್ತಿ ಮುಚ್ಚುವ ಈಜುಡುಪನ್ನು ಆಸ್ಟ್ರೇಲಿಯಾದ ಅಹೆದಾ ಝನೆಟ್ಟಿ ಎಂಬ ಮುಸ್ಲಿಮ್ ಮಹಿಳೆ 2004ರಲ್ಲಿ ರೂಪಿಸಿದರು. ಈಗ ಅಂತಹವು ನಮ್ಮಲ್ಲೂ ಸಿಗುತ್ತವೆ. ಅಡಿಕೆ ತೋಟದ ಕೆರೆಯಲ್ಲಿ ಎರಡು ಒಣ ತೆಂಗಿನಕಾಯಿ ಜೋಡಿಸಿ ಸೊಂಟಕ್ಕೆ ಕಟ್ಟಿ ಹಿರಿಯರು ಗಂಡು ಮಕ್ಕಳಿಗೆ ಕಲಿಸಿದರಲ್ಲ, ಮನೆಯ ಹೆಣ್ಣು ಮಕ್ಕಳಿಗೂ ಈಜು ಬಲ್ಲ ಬಾಪ, ಕಾಕ, ಅಣ್ಣಂದಿರು ಹಾಗೆಯೇ ಕಲಿಸಬಹುದು. ಹೊಳೆ ಮಾತ್ರ ಬೇಡ. ಮರಳು ತೆಗೆದ ಗುಂಡಿ, ಸುಳಿ, ಗಯಗಳಿರುವ ಹೊಳೆ ಕಲಿಯುವ ಜಾಗವಲ್ಲ.

ವಿಹಾರದಲ್ಲಿ ದೋಣಿ ಹತ್ತುವ ಸಂದರ್ಭ ಬಂದರೆ ಬುರ್ಖಾದ ಒಳಗೆ ಚೂಡಿದಾರ ಧರಿಸಿ. ನೆನೆದ ಬುರ್ಖಾ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರಿಗೂ ಕಾಲು ಬಡಿಯಲಾಗದು. ಆಗ ಅದನ್ನು ತೆಗೆದೆಸೆಯಲು ಹಿಂಜರಿಯಬೇಡಿ, ಪ್ರಾಣಾಪಾಯದಲ್ಲಿ ಶರೀಅತ್ ಯಾರನ್ನೂ ಇಕ್ಕಟ್ಟಿಗೆ ಸಿಲುಕಿಸಿಲ್ಲ. ಎಷ್ಟು ಜನರಿಗೆ ಪರವಾನಿಗೆ ಎಂದು ದೋಣಿಯ ಮೇಲೆ ಬರೆದಿರುತ್ತದೆ, ಓದಿ, ಲೆಕ್ಕ ಹಾಕಿ. ಜಾಸ್ತಿ ಕಂಡರೆ ಗಂಡಸರು ಏನೆಂದಾರು ಎಂದು ನೋಡದೆ ಮಕ್ಕಳ ಕೈ ಹಿಡಿದು ಇಳಿದುಬಿಡಿ. ಲೈಫ್ ಜಾಕೆಟನ್ನು ದೋಣಿ ಹೊರಡುವ ಮೊದಲೇ ಹಾಕಿಕೊಳ್ಳಬೇಕು. ಹೆಗಲ ಮೇಲೆ ತೂಗುಹಾಕಿಕೊಂಡರೆ ಪ್ರಯೋಜನವಿಲ್ಲ, ಎಲ್ಲಾ ಪಟ್ಟಿಗಳನ್ನು ಬಿಗಿಯಬೇಕು. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರ ಅಡಿಯಿಂದ ಜಾರಿಹೋಗುತ್ತದೆ. ಎರಡು ಹೆಗಲ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಮಗುವಿನ ಕಿವಿಯವರೆಗೆ ಬಂದರೆ ಅದು ಆ ಮಗುವಿನದ್ದಲ್ಲ, ಸಣ್ಣದನ್ನು ಕೇಳಿ ಪಡೆಯಿರಿ. ಕಾಲುಗಳ ನಡುವಿನಿಂದ ಕಟ್ಟುವ ಪಟ್ಟಿ ಇರುವುದು ಸಿಕ್ಕಿದರೆ ಇನ್ನೂ ಒಳ್ಳೆಯದು.